ಪಾಠದ ಹೊತ್ತು, ಬಿಡುವಿನ ಹೊತ್ತು

(ಹೊಸೂರಿನಲ್ಲಿ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯರು ಮಾಡಿದ ಭಾಷಣ)



ವಾರಕ್ಕೆ ಒಂದೇ ದಿನ ರಜೆ ಇರುವ ನಿಮ್ಮನ್ನು ಆ ದಿನವೂ ಬೆಂಚಿನ ಮೇಲೆ ಕೂರಿಸಿ ಭಾಷಣ ಮಾಡುವುದು ಅಷ್ಟೇನೂ ನ್ಯಾಯವಲ್ಲ. ಅದರಲ್ಲೂ ಇವತ್ತು ನಾನು ಮಾತನಾಡಲಿರುವುದು ಬಿಡುವಿನ ವಿಷಯ. ಆದಕಾರಣ ಮಧ್ಯದಲ್ಲಿ ಯಾರಾದರೂ ಎದ್ದು ಹೋಗಿ ಚಹಾ ಕುಡಿದು ಬಂದರೆ ನನಗೆ ಬೇಸರವಿಲ್ಲ.

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ನನ್ನ ಮನೆಗೆ ತಂದೆತಾಯಿಗಳು ಬರುತ್ತಾರೆ. ಮಗುವನ್ನು ಯಾವ ಶಾಲೆಗೆ ಹಾಕಬೇಕೆಂದು ಕೇಳುತ್ತಾರೆ. ಹೋದ ಸಲ ಬಂದಿದ್ದ ಒಬ್ಬ ತಾಯಿ ಹೇಳಿದ ಮಾತು ಹೀಗಿತ್ತು: “ಸರಕಾರಿ ಶಾಲೆಯಲ್ಲಿ ಯಾವಾಗ ನೋಡಿದರೂ ಮಕ್ಕಳು ಆಡುತ್ತಲೇ ಇರುತ್ತಾರೆ ಸಾರ್. ಪ್ರೈವೇಟಿನಲ್ಲಿ ಉಸಿರಾಡುವುದಕ್ಕೂ ಬಿಡದೆ ಓದಿಸುತ್ತಾರೆ. ಸಾಲ ಮಾಡಿಯಾದರೂ ಅಲ್ಲಿಗೇ ಹಾಕೋಣವೆಂದು ಇವರು ಹೇಳುತ್ತಾರೆ. ನೀವೇನು ಹೇಳುತ್ತೀರಿ?”

ಆ ಹೊತ್ತಿಗೆ ನಾನು ಏನೋ ಒಂದು ಉತ್ತರ ಕೊಟ್ಟು ಕಳಿಸಿದೆ. ಆದರೆ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಆ ತಾಯಿ ಎರಡು ಶಾಲೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಆ ತಕ್ಕಡಿಯ ಒಂದು ತಟ್ಟೆಯಲ್ಲಿ ಆಟ, ಇನ್ನೊಂದರಲ್ಲಿ ಓದು. ಒಂದು ಏರಿದರೆ ಇನ್ನೊಂದು ಇಳಿಯಲೇಬೇಕೆಂಬುದು ಅವರ ಎಣಿಕೆ. ಈ ಎಣಿಕೆ ಅವರೊಬ್ಬರದಲ್ಲ, ನಮ್ಮೆಲ್ಲರದು. ನಾನೂ ಬಹಳ ವರ್ಷ ಹಾಗೆಯೇ ಎಣಿಸಿದ್ದೆ. ಅದು ತಪ್ಪೆಂದು ಈಗ ನನಗೆ ತೋರುತ್ತದೆ. ಯಾಕೆ ತಪ್ಪೆಂಬುದನ್ನು ಇವತ್ತು ಹೇಳುತ್ತೇನೆ.

ನಾನು ಇಪ್ಪತ್ತೆಂಟು ವರ್ಷ ಸರಕಾರಿ ಕನ್ನಡ ಶಾಲೆಗಳಲ್ಲಿ ಪಾಠ ಹೇಳಿದವನು. ನಿವೃತ್ತಿಯಾದ ಮೇಲೆ ನಾಲ್ಕು ವರ್ಷ ಒಂದು ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ ಗಣಿತ ಕಲಿಸಿದೆ. ಎರಡೂ ಮನೆಯ ಉಪ್ಪು ತಿಂದಿದ್ದೇನೆ. ಆದ್ದರಿಂದ ಒಬ್ಬರ ಪರವಾಗಿ ವಕೀಲಿ ಮಾಡುವ ಆಸೆ ನನಗಿಲ್ಲ.

ಮೊದಲು ಓದಿನ ಮಾತು

ಖಾಸಗಿ ಶಾಲೆಯಲ್ಲಿ ಪಾಠ “ಕಠಿಣ” ಎಂದು ಹೇಳುತ್ತಾರೆ. ಕಠಿಣವೆಂದರೆ ಏನು? ಪುಸ್ತಕವೇ ಬೇರೆಯೇ? ತಮಿಳುನಾಡಿನಲ್ಲಿ 2010ರಲ್ಲಿ ಸಮಾನ ಶಿಕ್ಷಣದ ಕಾಯಿದೆ ಬಂತು. ಇದನ್ನೇ ಇಲ್ಲಿ ಸಮಚ್ಚೀರ್ ಕಲ್ವಿ ಎನ್ನುತ್ತಾರೆ. ಅದರ ಮೇಲೆ ದೊಡ್ಡ ವ್ಯಾಜ್ಯವೇ ನಡೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ಜಾರಿಗೆ ತರಲೇಬೇಕೆಂದು ಹೇಳಿತು. ಅಂದಿನಿಂದ ಸರಕಾರಿ ಶಾಲೆಗೂ ಮೆಟ್ರಿಕ್ಯುಲೇಷನ್ ಶಾಲೆಗೂ ಪಠ್ಯಕ್ರಮ ಒಂದೇ, ಹತ್ತನೆಯ ತರಗತಿಯ ಪರೀಕ್ಷೆಯೂ ಒಂದೇ. ಕೇಂದ್ರದ ಪಠ್ಯಕ್ರಮದ ಶಾಲೆಗಳ ಮಾತು ಬೇರೆ. ಆದರೆ ನಮ್ಮ ಬೀದಿಯ ಮಕ್ಕಳು ಹೋಗುವ ಬಹಳ ಖಾಸಗಿ ಶಾಲೆಗಳಲ್ಲಿ ಅದೇ ಪಠ್ಯ ಇಂಗ್ಲಿಷ್ ಅಂಗಿ ತೊಟ್ಟು ಬರುತ್ತದೆ, ಅಷ್ಟೇ.

ಹಾಗಾದರೆ ಕಲಿಸುವ ರೀತಿಯಲ್ಲಿ ವ್ಯತ್ಯಾಸವಿದೆಯೇ? ಇದನ್ನು ಊಹೆಯಿಂದ ಹೇಳಬೇಕಾಗಿಲ್ಲ, ಪಕ್ಕದ ಆಂಧ್ರದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಆಗ ಆಂಧ್ರ ಇನ್ನೂ ಎರಡಾಗಿರಲಿಲ್ಲ. 2008ರಿಂದ ನಾಲ್ಕು ವರ್ಷ, ಐದು ಜಿಲ್ಲೆಗಳ 180 ಹಳ್ಳಿಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ನಡೆಸಿದರು. ಸರಕಾರಿ ಶಾಲೆಯಲ್ಲಿದ್ದ ಮಕ್ಕಳ ತಂದೆತಾಯಿಗಳಿಂದ ಅರ್ಜಿ ಪಡೆದರು, ಚೀಟಿ ಎತ್ತಿದರು, ಚೀಟಿ ಬಂದವರಿಗೆ ಖಾಸಗಿ ಶಾಲೆಯ ಶುಲ್ಕ ಕಟ್ಟಿಕೊಟ್ಟರು. ಚೀಟಿಯಿಂದ ಆರಿಸಿದ್ದರಿಂದ ಒಂದು ಲಾಭವಾಯಿತು. ಸಾಧಾರಣವಾಗಿ ಖಾಸಗಿ ಶಾಲೆಗೆ ಹೋಗುವುದು ಸ್ವಲ್ಪ ಅನುಕೂಲಸ್ಥರ, ಓದಿದವರ ಮಕ್ಕಳು. ಅವರು ಹೆಚ್ಚು ಅಂಕ ತೆಗೆದರೆ ಅದು ಶಾಲೆಯ ಗುಣವೋ ಮನೆಯ ಗುಣವೋ ಹೇಳುವುದು ಕಷ್ಟ. ಇಲ್ಲಿ ಎರಡು ಕಡೆಯೂ ಒಂದೇ ತರಹದ ಬಡವರ ಮಕ್ಕಳು.

ಫಲ ಏನಾಯಿತು? ಎರಡು ವರ್ಷವಾದ ಮೇಲೂ, ನಾಲ್ಕು ವರ್ಷವಾದ ಮೇಲೂ, ತೆಲುಗು ಮತ್ತು ಗಣಿತದಲ್ಲಿ ಖಾಸಗಿ ಶಾಲೆಗೆ ಹೋದವರಿಗೂ ಸರಕಾರಿ ಶಾಲೆಯಲ್ಲಿ ಉಳಿದವರಿಗೂ ವ್ಯತ್ಯಾಸವಿರಲಿಲ್ಲ. ಇಂಗ್ಲಿಷ್, ವಿಜ್ಞಾನ, ಸಮಾಜಗಳಲ್ಲಿ ಖಾಸಗಿಯವರು ಸ್ವಲ್ಪ ಮುಂದಿದ್ದರು. ಹಿಂದಿಯಲ್ಲಿ ಬಹಳ ಮುಂದಿದ್ದರು, ಯಾಕೆಂದರೆ ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಹಿಂದಿ ಕಲಿಸುತ್ತಲೇ ಇರಲಿಲ್ಲ.

ಇಷ್ಟಕ್ಕೇ ನಿಂತರೆ ಸರಕಾರಿ ಶಾಲೆಯವರು ಚಪ್ಪಾಳೆ ತಟ್ಟಬಹುದು. ಆದರೆ ಪೂರ್ತಿ ಕೇಳಬೇಕು. ಖಾಸಗಿ ಶಾಲೆಗಳು ತೆಲುಗಿಗೂ ಗಣಿತಕ್ಕೂ ಕಡಿಮೆ ಹೊತ್ತು ಕೊಟ್ಟು ಅದೇ ಫಲ ಪಡೆದಿದ್ದವು. ಉಳಿದ ಹೊತ್ತನ್ನು ಬೇರೆ ವಿಷಯಗಳಿಗೆ ಹಾಕಿದ್ದವು. ಅಲ್ಲಿನ ಉಪಾಧ್ಯಾಯರಿಗೆ ತರಬೇತಿ ಕಡಿಮೆ, ಸಂಬಳ ಬಹಳವೇ ಕಡಿಮೆ. ಆದರೂ ಅವರು ಗೈರುಹಾಜರಾಗುತ್ತಿದ್ದುದು ಕಡಿಮೆ. ಒಂದು ಮಗುವಿಗೆ ಅಲ್ಲಿ ಆಗುತ್ತಿದ್ದ ವೆಚ್ಚ ಸರಕಾರಿ ಶಾಲೆಯ ವೆಚ್ಚದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ. ಇನ್ನೊಂದು ಸೂಚನೆಯೂ ಸಿಕ್ಕಿತು. ತೆಲುಗು ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಒಮ್ಮೆಲೇ ಹಾರಿದ ಮಕ್ಕಳು ಗಣಿತ ಮೊದಲಾದ ವಿಷಯಗಳಲ್ಲಿ ಹಿಂದೆ ಬಿದ್ದಂತೆ ಕಂಡಿತು. ನಮ್ಮಂಥ ಗಡಿಯ ಕನ್ನಡಿಗರು ಇದನ್ನು ನೆನಪಿನಲ್ಲಿಡತಕ್ಕದ್ದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ತೆಲುಗು, ತರಗತಿಯಲ್ಲಿ ಇಂಗ್ಲಿಷ್ ಎಂದಾದಾಗ ಮಗು ಲೆಕ್ಕ ತಪ್ಪಿದ್ದು ಲೆಕ್ಕ ಬಾರದ್ದಕ್ಕೋ ಪ್ರಶ್ನೆ ತಿಳಿಯದ್ದಕ್ಕೋ ಎಂಬುದು ಉಪಾಧ್ಯಾಯನಿಗೂ ಗೊತ್ತಾಗುವುದಿಲ್ಲ.

ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಖಾಸಗಿ ಶಾಲೆಯಲ್ಲಿ ಮಂತ್ರವೇನೂ ಇಲ್ಲ. ಇರುವುದು ಒಂದು ಸಣ್ಣ ಗುಣ: ಗಂಟೆ ಹೊಡೆದಾಗ ತರಗತಿಯಲ್ಲಿ ಯಾರೋ ಒಬ್ಬರು ನಿಂತಿರುತ್ತಾರೆ. ಅವರು ಬಹುಪಾಲು ಕಡಿಮೆ ಸಂಬಳದ ಹೆಣ್ಣುಮಕ್ಕಳು. ಅವರೂ ಕಾರ್ಮಿಕರೇ ಎಂಬುದನ್ನು ಇಲ್ಲಿ ಕೂತಿರುವ ನೀವು ಮರೆಯಬಾರದು.

ಈಗ ಸರಕಾರಿ ಶಾಲೆಯ ಕೊರತೆಯನ್ನೂ ಮುಚ್ಚಿಡದೆ ಹೇಳುತ್ತೇನೆ. 2024ರ ‘ಅಸರ್’ ವರದಿಯ ಪ್ರಕಾರ, ದೇಶದ ಹಳ್ಳಿಗಳ ಸರಕಾರಿ ಶಾಲೆಗಳಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಸುಮಾರು 23 ಮಾತ್ರ. 2022ರಲ್ಲಿ ಅದು 16 ಇತ್ತು, ಏರಿದೆ, ಸಂತೋಷ. ಆದರೂ ಮುಕ್ಕಾಲು ಮಕ್ಕಳು ಹಿಂದೆಯೇ ಇದ್ದಾರೆ. ಖಾಸಗಿ ಶಾಲೆಗಳಲ್ಲಿ ಇದಕ್ಕಿಂತ ಮೇಲು, ಆದರೆ ಅಲ್ಲಿಯೂ ಸುಮಾರು ಮೂರರಲ್ಲಿ ಒಂದು ಮಗು ಮಾತ್ರ ಹಾಗೆ ಓದಬಲ್ಲದು. ಅಂದರೆ ಶುಲ್ಕ ಕಟ್ಟಿದರೂ ಮೂರರಲ್ಲಿ ಎರಡು ಮಕ್ಕಳು ಅದೇ ಕೆಸರಿನಲ್ಲಿ. ಇನ್ನು ಮೇಲಿನ ಹಂತಕ್ಕೆ ಹೋದರೆ, 2020ರಲ್ಲಿ ತಮಿಳುನಾಡು ಸರಕಾರ ವೈದ್ಯಕೀಯ ಪ್ರವೇಶದಲ್ಲಿ ಸರಕಾರಿ ಶಾಲೆಯ ಮಕ್ಕಳಿಗೆಂದು ನೂರಕ್ಕೆ 7.5ರಷ್ಟು ಸ್ಥಾನ ಬೇರೆಯಾಗಿ ಇಡಬೇಕಾಯಿತು. ಹಾಗೆ ಇಡದಿದ್ದರೆ ನಮ್ಮ ಮಕ್ಕಳು ಆ ಬಾಗಿಲನ್ನು ದಾಟುವುದು ಕಷ್ಟವೆಂದೇ ಅಲ್ಲವೇ?

ಕೊರತೆ ಎಲ್ಲಿ ಎಂದು ನನ್ನ ಅನುಭವದಿಂದ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ ಪ್ರಕಾರ, ಒಂದರಿಂದ ಐದನೆಯ ತರಗತಿಯ ಶಾಲೆಯಲ್ಲಿ 60 ಮಕ್ಕಳ ತನಕ ಇಬ್ಬರು ಉಪಾಧ್ಯಾಯರಿದ್ದರೆ ಸಾಕು. ತರಗತಿ ಐದು, ಉಪಾಧ್ಯಾಯರು ಇಬ್ಬರು. ನಾನು ಮೂರನೆಯ ತರಗತಿಗೆ ಗುಣಾಕಾರ ಹೇಳುವಾಗ ನಾಲ್ಕನೆಯದೂ ಐದನೆಯದೂ ಏನು ಮಾಡಬೇಕು? ಬರೆಯಿರಿ ಎಂದು ಹೇಳುತ್ತಿದ್ದೆ, ಅವು ಬರೆಯುವಷ್ಟು ಬರೆದು ಹೊರಗೆ ಹೋಗುತ್ತಿದ್ದವು. ಅದೇ ಕಾಯಿದೆ ನಮ್ಮನ್ನು ಜನಗಣತಿಗೂ ಚುನಾವಣೆಗೂ ಕಳಿಸಬಹುದೆಂದು ಹೇಳುತ್ತದೆ. ನಾನು ಮತಪಟ್ಟಿ ಹಿಡಿದು ಮನೆಮನೆ ತಿರುಗಿದ ದಿನ ಶಾಲೆಯಲ್ಲಿ ಒಬ್ಬರೇ. ಆ ತಾಯಿ ರಸ್ತೆಯಿಂದ ನೋಡಿದ್ದು ಅಂಥ ದಿನವೇ ಇರಬೇಕು. ಮಕ್ಕಳು ಅಂಗಳದಲ್ಲಿ ಇದ್ದುದು ನಿಜ. ಆದರೆ ಅದು ಬಿಡುವಲ್ಲ, ಬಿಟ್ಟುಬಿಟ್ಟದ್ದು.

ಈ ಎರಡು ಮಾತಿನ ಅಂತರವೇ ಇವತ್ತಿನ ನನ್ನ ಭಾಷಣ. ಪಾಠ ಇಲ್ಲದ್ದರಿಂದ ಮಗು ಹೊರಗಿರುವುದು ಬೇರೆ. ಪಾಠ ಮುಗಿಸಿ ಗಂಟೆ ಹೊಡೆಸಿಕೊಂಡು ಹೊರಗೆ ಓಡುವುದು ಬೇರೆ.

ಬಿಡುವು ಎಲ್ಲಿಂದ ಬಂತು

ಬಿಡುವಿನ ಬೆಲೆ ನಿಮಗೆ ನಾನು ಹೇಳಿಕೊಡಬೇಕೇ? ಹತ್ತೊಂಬತ್ತನೆಯ ಶತಮಾನದ ಗಿರಣಿಗಳಲ್ಲಿ ದಿನಕ್ಕೆ ಹನ್ನೆರಡು, ಹದಿನಾಲ್ಕು ತಾಸು ದುಡಿಸುತ್ತಿದ್ದರು. ನಿಂತ ಜಾಗದಲ್ಲೇ ಊಟ. ಬಿಡುವು ಕೊಟ್ಟರೆ ಉತ್ಪಾದನೆ ಬಿದ್ದುಹೋಗುತ್ತದೆಂದು ಮಾಲೀಕರು ಹೇಳುತ್ತಿದ್ದರು. ಕಾರ್ಮಿಕರು ಹೋರಾಡಿ, ಪೆಟ್ಟು ತಿಂದು, ಹೊತ್ತಿಗೊಂದು ಮಿತಿ ಹಾಕಿಸಿದರು. ನಮ್ಮ ದೇಶದಲ್ಲಿ 1948ರ ಕಾರ್ಖಾನೆ ಕಾಯಿದೆ ಒಂದು ನಿಯಮ ಮಾಡಿತು: ಯಾವ ಕಾರ್ಮಿಕನನ್ನೂ ಎಡೆಬಿಡದೆ ಐದು ತಾಸಿಗಿಂತ ಹೆಚ್ಚು ದುಡಿಸಬಾರದು, ನಡುವೆ ಅರ್ಧ ತಾಸಾದರೂ ವಿಶ್ರಾಂತಿ ಕೊಡತಕ್ಕದ್ದು. ಆ ಕಾಯಿದೆಯ ಜಾಗಕ್ಕೆ 2025ರ ನವೆಂಬರಿನಲ್ಲಿ ಹೊಸ ಸಂಹಿತೆ ಬಂದಿತು. ಆದರೆ ಅದರ ತತ್ವವನ್ನು ನೀವು ಮೈಯಿಂದಲೇ ಬಲ್ಲಿರಿ. ನಾಲ್ಕನೆಯ ತಾಸಿನ ಕೊನೆಯಲ್ಲಿ ಕೈ ತಪ್ಪುತ್ತದೆ, ಕಣ್ಣು ಮಂಜಾಗುತ್ತದೆ, ಆಗಲೇ ಬೆರಳು ಯಂತ್ರಕ್ಕೆ ಸಿಕ್ಕುವುದು.

ಗಟ್ಟಿಮುಟ್ಟಾದ ಗಂಡಸಿಗೇ ಹೀಗಾದರೆ ಏಳು ವರ್ಷದ ಮಗುವಿಗೆ?

ಈ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಒಬ್ಬ ಗಿರಣಿಯ ಯಜಮಾನನೇ ಇದ್ದನೆಂಬುದು ಸ್ವಾರಸ್ಯ. ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಎಂಬ ಊರಿನ ಹತ್ತಿಯ ಗಿರಣಿಯನ್ನು ರಾಬರ್ಟ್ ಓವೆನ್ ನಡೆಸುತ್ತಿದ್ದ. ಹತ್ತು ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳುವುದನ್ನು ಅವನು ನಿಲ್ಲಿಸಿದ. 1816ರ ಜನವರಿ 1ರಂದು ಕಾರ್ಮಿಕರ ಮಕ್ಕಳಿಗಾಗಿ ಒಂದು ಶಾಲೆ ತೆರೆದ. ಅಲ್ಲಿ ಹೊಡೆಯುವುದಿಲ್ಲ, ಎಳೆಯ ಮಕ್ಕಳನ್ನು ಪುಸ್ತಕದಿಂದ ಪೀಡಿಸುವುದಿಲ್ಲ. ಹಾಡು, ಕುಣಿತ, ಹವೆ ಚೆನ್ನಾಗಿದ್ದರೆ ಹೊರಗೆ ಆಟ. ನೋಡಲು ದೂರದೂರದಿಂದ ಜನ ಬಂದರು. ಆಟವನ್ನು ಶಾಲೆಯ ಒಳಗೆ ತಂದ ಮೊದಲ ಶಾಲೆಗಳಲ್ಲಿ ಇದು ಒಂದು, ಮತ್ತು ಅದು ಶ್ರೀಮಂತರ ಮಕ್ಕಳಿಗಾಗಿ ಅಲ್ಲ, ಗಿರಣಿ ಕಾರ್ಮಿಕರ ಮಕ್ಕಳಿಗಾಗಿ ಹುಟ್ಟಿತು. ಇನ್ನೂರು ವರ್ಷದ ಮೇಲೆ ಅದೇ ಕಾರ್ಮಿಕರು ಸಾಲ ಮಾಡಿ ಆಟವಿಲ್ಲದ ಶಾಲೆಯನ್ನು ಕೊಳ್ಳುತ್ತಿದ್ದೇವಲ್ಲ ಎಂದು ನನಗೆ ವ್ಯಥೆಯಾಗುತ್ತದೆ.

ನನ್ನ ತಪ್ಪು

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಖಾಸಗಿ ಶಾಲೆಯಲ್ಲಿ ನನಗೆ ಎಂಟನೆಯ ತರಗತಿಯ ಗಣಿತ ಕೊಟ್ಟಿದ್ದರು. ವಾರಕ್ಕೆ ಎರಡು ಡ್ರಿಲ್ ಪೀರಿಯಡ್ ಕಾಗದದ ಮೇಲಿತ್ತು. ಅರ್ಧವಾರ್ಷಿಕ ಪರೀಕ್ಷೆ ಹತ್ತಿರ ಬಂದಾಗ ನಾನು ಒಂದನ್ನು ಕೇಳಿ ಪಡೆದೆ, ಆಮೇಲೆ ಕೇಳದೆಯೇ ಎರಡನ್ನೂ ತೆಗೆದುಕೊಂಡೆ. ಡ್ರಿಲ್ ಮಾಸ್ತರರಿಗೂ ಬೇಸರವಿರಲಿಲ್ಲ, ಯಾಕೆಂದರೆ ಆಡಿಸಲು ನೆಲವೇ ಇರಲಿಲ್ಲ. ಬಸ್ಸು ನಿಲ್ಲುವ ಸಿಮೆಂಟಿನ ಅಂಗಳವೇ ಮೈದಾನ. ಮನೆಲೆಕ್ಕ ಮಾಡದವರನ್ನು ಹತ್ತು ನಿಮಿಷದ ಬಿಡುವಿನಲ್ಲಿಯೂ ಒಳಗೆ ಕೂರಿಸುತ್ತಿದ್ದೆ. ತಂದೆತಾಯಿಗಳು ನನ್ನನ್ನು ಬಹಳ ಹೊಗಳಿದರು.

ಒಂದು ದಿನ ಕೊನೆಯ ಪೀರಿಯಡಿನಲ್ಲಿ ಒಬ್ಬ ಹುಡುಗನನ್ನು ಬೋರ್ಡಿಗೆ ಕರೆದೆ. ಬೆಳಿಗ್ಗೆ ಅದೇ ಲೆಕ್ಕವನ್ನು ಸರಿಯಾಗಿ ಮಾಡಿದ್ದವನು ಈಗ ಸುಣ್ಣದ ಕಡ್ಡಿ ಹಿಡಿದು ಸುಮ್ಮನೆ ನಿಂತ. ಗದರಿಸಿದೆ. ಅವನು ಅಳಲಿಲ್ಲ, ಎದುರು ಹೇಳಲಿಲ್ಲ. “ಸಾರ್, ಬೆಳಿಗ್ಗೆಯಿಂದ ಮೂತ್ರಕ್ಕೆ ಹೋಗಿಲ್ಲ” ಎಂದ. ಬಿಡುವಿನಲ್ಲಿ ನಾನೇ ಕೂರಿಸಿದ್ದೆ. ಊಟದ ಹೊತ್ತಿನಲ್ಲಿ ಇನ್ನೊಬ್ಬರು ಕೂರಿಸಿದ್ದರು. ಆ ಹೊತ್ತು ನನಗೆ ಆದ ನಾಚಿಕೆ ಇನ್ನೂ ಹೋಗಿಲ್ಲ. ಅವನ ತಂದೆ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರು. ಅವರ ಮೇಲ್ವಿಚಾರಕ ಅವರಿಗೆ ಹೀಗೆ ಮಾಡಿದ್ದರೆ ಮರುದಿನ ಗೇಟಿನ ಮುಂದೆ ಬಾವುಟ ನಿಲ್ಲುತ್ತಿತ್ತು. ಮಗನ ಪರವಾಗಿ ಯಾವ ಸಂಘ ನಿಲ್ಲುತ್ತದೆ?

ಬಿಡುವು ಓದಿಗೆ ಶತ್ರುವೇ?

ಅಲ್ಲವೆಂದು ಹೇಳಲು ಕಾರಣಗಳಿವೆ. ಅಮೆರಿಕದ ಆಂಟನಿ ಪೆಲ್ಲೆಗ್ರಿನಿ ಎಂಬ ಮನಶ್ಶಾಸ್ತ್ರಜ್ಞರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಬಿಡುವಿಗೆ ಮುಂಚೆ ಮತ್ತು ಬಿಡುವಿನ ನಂತರ ಕೂತು ಗಮನಿಸಿದರು. ಬಿಡುವನ್ನು ಮುಂದೂಡಿದಷ್ಟೂ ಮಕ್ಕಳ ಗಮನ ಚೆದುರುತ್ತಿತ್ತು. ಆಡಿ ಬಂದ ಮೇಲೆ ಗಮನ ಮರಳುತ್ತಿತ್ತು. 2013ರಲ್ಲಿ ಆ ದೇಶದ ಮಕ್ಕಳ ವೈದ್ಯರ ಸಂಘ ಒಂದು ಹೇಳಿಕೆ ಕೊಟ್ಟಿತು: ಶಿಕ್ಷೆಗಾಗಿಯಾಗಲಿ ಹೆಚ್ಚು ಪಾಠಕ್ಕಾಗಿಯಾಗಲಿ ಮಗುವಿನ ಬಿಡುವನ್ನು ಕಿತ್ತುಕೊಳ್ಳಬಾರದು. ನಾನು ಎರಡೂ ಕಾರಣಕ್ಕೆ ಕಿತ್ತುಕೊಂಡಿದ್ದೆ. ಫಿನ್ಲೆಂಡಿನಲ್ಲಿ ಸಾಮಾನ್ಯವಾಗಿ 45 ನಿಮಿಷ ಪಾಠ, 15 ನಿಮಿಷ ಬಿಡುವು. ಮಕ್ಕಳು ಶಾಲೆ ಸೇರುವುದೇ ಏಳನೆಯ ವರ್ಷಕ್ಕೆ. ಆ ದೇಶವನ್ನು ಯಾರೂ ಓದಿನಲ್ಲಿ ಹಿಂದುಳಿದದ್ದೆಂದು ಹೇಳುವುದಿಲ್ಲ.

ಕಣ್ಣಿನ ಮಾತು ಇನ್ನೊಂದು. ಚೀನಾದ ಗ್ವಾಂಗ್‌ಝೌ ನಗರದಲ್ಲಿ ಹನ್ನೆರಡು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಆರು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಬಯಲಿಗೆ ಕರೆದುಕೊಂಡು ಹೋದರು, ಉಳಿದ ಆರರಲ್ಲಿ ಎಂದಿನಂತೆ ಬಿಟ್ಟರು. ಮೂರು ವರ್ಷದ ಮೇಲೆ ನೋಡಿದರೆ, ಬಯಲಿಗೆ ಹೋದ ನೂರು ಮಕ್ಕಳಲ್ಲಿ ಸುಮಾರು 30 ಮಂದಿಗೆ ದೂರದೃಷ್ಟಿ ಮಂದವಾಗಿತ್ತು; ಹೋಗದವರಲ್ಲಿ ಸುಮಾರು 40 ಮಂದಿಗೆ. 2015ರಲ್ಲಿ ಈ ಫಲ ಪ್ರಕಟವಾಯಿತು. ಕನ್ನಡಕದ ಬೆಲೆ ಬಲ್ಲ ನಿಮಗೆ ಬಯಲಿನ ಬೆಲೆಯೂ ಇದರಿಂದ ತಿಳಿಯುತ್ತದೆ.

ನಮ್ಮವರೂ ಇದನ್ನು ಹೇಳಿಲ್ಲವೆಂದಲ್ಲ. ಕಾದಂಬರಿಕಾರ ಆರ್.ಕೆ. ನಾರಾಯಣ್ ರಾಜ್ಯಸಭೆಯ ಸದಸ್ಯರಾಗಿದ್ದಾಗ, 1989ರಲ್ಲಿ, ತಮ್ಮ ಮೊದಲ ಭಾಷಣವನ್ನು ಮಕ್ಕಳ ಪುಸ್ತಕದ ಚೀಲದ ಭಾರದ ಮೇಲೆ ಮಾಡಿದರು. ದೊಡ್ಡ ದೊಡ್ಡ ರಾಜಕೀಯ ಬಿಟ್ಟು ಚೀಲದ ಮಾತೇ ಎಂದು ಆಶ್ಚರ್ಯಪಟ್ಟವರಿದ್ದರು. ಆದರೆ ಆ ಮಾತು ಬೆಳೆಯಿತು. ಪ್ರೊಫೆಸರ್ ಯಶಪಾಲರ ಸಮಿತಿ ನೇಮಕವಾಗಿ 1993ರಲ್ಲಿ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಕೆಟ್ಟದ್ದು ತಿಳಿಯದೆ ಉರು ಹೊಡೆಯುವ ಭಾರ ಎಂಬುದು ಅದರ ತಿರುಳು. ಹೆಚ್ಚು ಕಲಿಸುತ್ತೇವೆಂದು ಮಗುವಿನ ತಲೆಗೆ ತುಂಬುತ್ತೇವೆ, ಮಗು ಕಲಿಯುವುದು ಕಡಿಮೆ.

ಕಾಯಿದೆಯಾದರೂ ಏನು ಕೇಳುತ್ತದೆ? 2009ರ ಶಿಕ್ಷಣ ಹಕ್ಕಿನ ಕಾಯಿದೆ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ತಾಸು ಪಾಠ ಎನ್ನುತ್ತದೆ. ಲೆಕ್ಕ ಹಾಕಿರಿ, ದಿನಕ್ಕೆ ನಾಲ್ಕು ತಾಸು. ಆರರಿಂದ ಎಂಟಕ್ಕೆ 220 ದಿನ, 1000 ತಾಸು. ದಿನಕ್ಕೆ ನಾಲ್ಕೂವರೆ ತಾಸು. ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಗುವನ್ನು ಹಿಡಿದಿಟ್ಟು, ಆಮೇಲೆ ಟ್ಯೂಷನ್ನಿಗೆ ಕಳಿಸಿ, ರಾತ್ರಿ ಮನೆಲೆಕ್ಕ ಬರೆಸುವುದು ಕಾಯಿದೆಯ ಕಟ್ಟಳೆಯಲ್ಲ, ನಮ್ಮ ಹೆದರಿಕೆ. ಅದೇ ಕಾಯಿದೆ ಶಾಲೆಗೆ ಆಟದ ಮೈದಾನ ಬೇಕು, ಪ್ರತಿ ತರಗತಿಗೂ ಆಟದ ಸಾಮಾನು ಬೇಕು ಎಂದೂ ಹೇಳುತ್ತದೆ. ಅಲ್ಪಸಂಖ್ಯಾತರ ಸಂಸ್ಥೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ತೀರ್ಪು ಹೇಗೇ ಇರಲಿ, ಮಗುವಿನ ಕಾಲು ಎಲ್ಲ ಶಾಲೆಯಲ್ಲಿಯೂ ಅದೇ ಕಾಲು.

ಯಾವ ಶಾಲೆಯಲ್ಲಿ ಬಿಡುವು ಚೆನ್ನ?

ಹಳ್ಳಿಯ ಕಡೆ ನೋಡಿದರೆ ಸರಕಾರಿ ಶಾಲೆಗೆ ಮುಂದೆ ಒಂದಿಷ್ಟು ನೆಲ, ಒಂದು ಬೇವಿನ ಮರವಾದರೂ ಇರುತ್ತದೆ. ಮಧ್ಯಾಹ್ನ ಬಿಸಿಯೂಟವಿದೆ. ತಮಿಳುನಾಡು ಈ ಕೆಲಸವನ್ನು ಕಾಮರಾಜರ ಕಾಲದಲ್ಲೇ ಆರಂಭಿಸಿತು, 1982ರಲ್ಲಿ ಎಂ.ಜಿ.ಆರ್. ವಿಸ್ತರಿಸಿದರು, 2022ರಿಂದ ಬೆಳಗಿನ ತಿಂಡಿಯೂ ಬಂತು. ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡು ಆಮೇಲೆ ಓಡಿ ಆಡುವುದು ಕೂಡ ಪಾಠವೇ. ಆದರೆ ಊರ ನಡುವೆ ಒತ್ತಿಕೊಂಡ ಸರಕಾರಿ ಶಾಲೆಗಳಿಗೆ ನೆಲವಿಲ್ಲ. ಇತ್ತ ದೊಡ್ಡ ಶುಲ್ಕದ ಖಾಸಗಿ ಶಾಲೆಗೆ ಹಸಿರು ಮೈದಾನ, ತರಬೇತುದಾರ ಎಲ್ಲವೂ ಇದೆ. ನಡುವೆ ಸಿಕ್ಕಿಕೊಂಡಿರುವುದು ನಮ್ಮ ಕೈಗೆಟಕುವ ಸಣ್ಣ ಖಾಸಗಿ ಶಾಲೆ, ಮೂರು ಅಂತಸ್ತಿನ ಮನೆಯಲ್ಲಿ ನಡೆಯುವಂಥದ್ದು. ಅಲ್ಲಿ ಓದೂ ದೊಡ್ಡ ಶಾಲೆಯದ್ದಲ್ಲ, ಬಯಲೂ ಹಳ್ಳಿ ಶಾಲೆಯದ್ದಲ್ಲ.

ಈ ವಿಷಯ ನ್ಯಾಯಾಲಯದ ತನಕವೂ ಹೋಗಿದೆ. ಕಾಸರಗೋಡು, ವಯನಾಡಿನ ನಮ್ಮ ಕನ್ನಡ ಬಂಧುಗಳಿರುವ ಕೇರಳದಲ್ಲಿ, 2024ರ ಏಪ್ರಿಲಿನಲ್ಲಿ, ತಕ್ಕ ಮೈದಾನವಿಲ್ಲದ ಶಾಲೆಗಳ ಮೇಲೆ, ಮುಚ್ಚಿಸುವುದೂ ಸೇರಿ, ಕಠಿಣ ಕ್ರಮ ಕೈಗೊಳ್ಳಬೇಕೆಂದು ಹೈಕೋರ್ಟು ಹೇಳಿತು. ಅದೇ ಕೇರಳದಲ್ಲಿ 2019ರಲ್ಲಿ “ನೀರಿನ ಗಂಟೆ” ಆರಂಭವಾಯಿತು: ಗಂಟೆ ಹೊಡೆದಾಗ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ನೀರು ಕುಡಿಯಲಿಕ್ಕೂ ಗಂಟೆ ಹೊಡೆಯಬೇಕಾಯಿತೆಂದರೆ ನಾವು ಮಕ್ಕಳನ್ನು ಎಷ್ಟು ಬಿಗಿಯಾಗಿ ಕೂರಿಸಿದ್ದೇವೆಂದು ಯೋಚಿಸಿರಿ.

ಏನು ಮಾಡಬೇಕು

2020ರಲ್ಲಿ ಕಾರ್ಖಾನೆಗಳು ಮುಚ್ಚಿ ಕೂಲಿ ನಿಂತಾಗ ಎಷ್ಟೋ ಮನೆಗಳು ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಸರಕಾರಿ ಶಾಲೆಗೆ ಹಾಕಿದವು. ದೇಶದ ಹಳ್ಳಿಗಳಲ್ಲಿ ಸರಕಾರಿ ಶಾಲೆಯ ಮಕ್ಕಳು 2018ರಲ್ಲಿ ನೂರಕ್ಕೆ ಸುಮಾರು 66 ಇದ್ದುದು 2022ರಲ್ಲಿ 73ಕ್ಕೆ ಏರಿತು. 2024ರ ಹೊತ್ತಿಗೆ ಮತ್ತೆ 67ಕ್ಕೆ ಇಳಿಯಿತು. ಬಂದವರು ಮರಳಿ ಹೋದರು. ಅವರನ್ನು ಹಿಡಿದಿಡಲಾರದೆ ಹೋದದ್ದು ನಮ್ಮ ಸರಕಾರಿ ಶಾಲೆಗಳ ಸೋಲೇ. ಗಡಿನಾಡಿನಲ್ಲಿ ಇದರ ಪೆಟ್ಟು ಎರಡು ಪಟ್ಟು. ಕನ್ನಡ ಮಾಧ್ಯಮ ಉಳಿದಿರುವುದು ಹೆಚ್ಚಾಗಿ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ. ಅಲ್ಲಿ ಮಕ್ಕಳು ಕಡಿಮೆಯಾದರೆ ಉಪಾಧ್ಯಾಯರು ಕಡಿಮೆ, ಉಪಾಧ್ಯಾಯರು ಕಡಿಮೆಯಾದರೆ ಪಾಠ ಕಡಿಮೆ, ಪಾಠ ಕಡಿಮೆಯಾದರೆ ಮಕ್ಕಳು ಇನ್ನೂ ಕಡಿಮೆ.

ಆದಾಗ್ಯೂ ಎಲ್ಲರೂ ನಾಳೆಯೇ ಮಕ್ಕಳನ್ನು ಸರಕಾರಿ ಶಾಲೆಗೆ ಹಾಕಿರೆಂದು ನಾನು ಅಪ್ಪಣೆ ಮಾಡಲಾರೆ. ಮಗು ನಿಮ್ಮದು, ವರ್ಷವೂ ಹೋದರೆ ಬಾರದು. ಯಾವ ಶಾಲೆಯೇ ಆಗಲಿ, ಹಾಕುವ ಮುಂಚೆ ಒಂದು ರಜೆ ಹಾಕಿಕೊಂಡು, ಶಾಲೆ ನಡೆಯುವ ದಿನ ಹೋಗಿ ನೋಡಿರಿ. ಬೋರ್ಡಿನ ಬಣ್ಣವನ್ನೂ ಟೈಯನ್ನೂ ನೋಡಬೇಡಿರಿ. ಗಂಟೆ ಹೊಡೆದಾಗ ಪ್ರತಿ ತರಗತಿಗೂ ಉಪಾಧ್ಯಾಯರು ಬಂದರೇ? ಮೂರನೆಯ ತರಗತಿಯ ಮಗು ಪುಸ್ತಕ ತೆರೆದು ನಿಮಗೆ ನಾಲ್ಕು ಸಾಲು ಓದಿ ಹೇಳಬಲ್ಲದೇ, ಅದರ ಅರ್ಥ ಹೇಳಬಲ್ಲದೇ? ಬಿಡುವಿನ ಗಂಟೆ ಹೊಡೆದಾಗ ಎಲ್ಲರೂ ಹೊರಗೆ ಬಂದರೇ, ಯಾರಾದರೂ ಒಳಗೇ ಉಳಿದರೇ? ಓಡಲು ನೆಲ, ಕುಡಿಯಲು ನೀರು, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ? ಡ್ರಿಲ್ ಪೀರಿಯಡ್ ಕಾಗದದಲ್ಲಿದೆಯೇ, ಮೈದಾನದಲ್ಲಿದೆಯೇ? ಇಷ್ಟಕ್ಕೆ ಉತ್ತರ ಸಿಕ್ಕಿದರೆ ಶಾಲೆ ಯಾರದೆಂಬುದು ಆಮೇಲಿನ ಪ್ರಶ್ನೆ.

ಸರಕಾರಿ ಶಾಲೆಯ ತಂದೆತಾಯಿಗಳಿಗೆ ಒಂದು ವಿಶೇಷ ಮಾತು. ಕಾಯಿದೆಯ ಪ್ರಕಾರ ಶಾಲೆಯ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಗಳು, ಅರ್ಧ ಪಾಲು ಹೆಂಗಸರು ಇರತಕ್ಕದ್ದು. ಸಂಘದ ಸಭೆಯಲ್ಲಿ ಎದ್ದು ನಿಂತು ಕೂಲಿಯ ಮಾತಾಡಬಲ್ಲ ನೀವು ಶಾಲೆಯ ಸಮಿತಿಯಲ್ಲಿ ಯಾಕೆ ಬಾಯಿ ಮುಚ್ಚಿ ರುಜು ಮಾಡಿ ಬರುತ್ತೀರಿ? ಉಪಾಧ್ಯಾಯರ ಖಾಲಿ ಸ್ಥಾನ ತುಂಬಿರೆಂದು ಅರ್ಜಿ ಕೊಡಿರಿ. ಬಾರದ ಉಪಾಧ್ಯಾಯರನ್ನು ಯಾಕೆ ಬರಲಿಲ್ಲವೆಂದು ಮರ್ಯಾದೆಯಿಂದಲೇ ಕೇಳಿರಿ. ಖಾಸಗಿ ಶಾಲೆಯವರು ನಿಮ್ಮನ್ನು ಸಮಿತಿಗೆ ಸೇರಿಸದಿರಬಹುದು. ಆದರೆ ಶುಲ್ಕ ಕಟ್ಟುವ ಹತ್ತು ಜನ ಒಟ್ಟಾಗಿ ಹೋಗಿ “ನಮ್ಮ ಮಕ್ಕಳ ಆಟದ ಪೀರಿಯಡನ್ನು ತೆಗೆಯಬೇಡಿರಿ” ಎಂದರೆ ಕೇಳದೆ ಇರಲಾರರು. ಅವರು ಅದನ್ನು ತೆಗೆಯುವುದೇ ನೀವು ಮೆಚ್ಚುತ್ತೀರೆಂದು ಎಣಿಸಿ.

ಆ ತಾಯಿಗೆ ಆವತ್ತು ಕೊಡದ ಉತ್ತರವನ್ನು ಈಗ ಕೊಟ್ಟು ಮುಗಿಸುತ್ತೇನೆ. ಅಮ್ಮಾ, ಸರಕಾರಿ ಶಾಲೆಯಲ್ಲಿ ಪಾಠವಿಲ್ಲದೆ ಅಲೆಯುವ ಮಗುವನ್ನು ಕಂಡು ನೀವು ಹೆದರಿದ್ದು ಸರಿ. ಆದರೆ ಅದಕ್ಕೆ ಮದ್ದು ಉಸಿರಾಡಲು ಬಿಡದ ಶಾಲೆಯಲ್ಲ. ಪಾಠದ ಹೊತ್ತಿನಲ್ಲಿ ಪಾಠ, ಬಿಡುವಿನ ಹೊತ್ತಿನಲ್ಲಿ ಬಿಡುವು, ಇವೆರಡನ್ನೂ ಕೇಳುವ ಹಕ್ಕು ನಿಮಗಿದೆ. ನಿಮ್ಮ ಯಜಮಾನರಿಗೆ ಕಾರ್ಖಾನೆಯಲ್ಲಿ ಊಟದ ಸೈರನ್ ಇದೆ. ನಿಮ್ಮ ಮಗುವಿಗೂ ಒಂದು ಗಂಟೆ ಇರಲಿ. ಅದು ಹೊಡೆದಾಗ ಬಾಗಿಲು ತೆರೆದಿರಲಿ.

ಹೊರಗೆ ಮಕ್ಕಳು ಆಡುತ್ತಿರುವ ಸದ್ದು ಕೇಳಿಸುತ್ತಿದೆ. ಅವರನ್ನು ಕರೆಯಬೇಡಿರಿ, ಇನ್ನು ಸ್ವಲ್ಪ ಹೊತ್ತು ಆಡಲಿ.